ಎರಡು ಹಡಗುಗಳ ನಡುವೆ ಒಂದು ಊರು: ಅಬ್ದುರ್ ರಜಾಕ್ ಲೆಕ್ಕಕ್ಕೆ ಸಿಗದ ಮೂರನೇ ಬರಹ

ವಿದೇಶದಲ್ಲಿರುವ ನಮ್ಮ ನೆಂಟರ ಹುಡುಗನೊಬ್ಬ ಹೋದ ಯುಗಾದಿಗೆ ಗೆಜ್ಜಲಗೆರೆಯ ಮನೆಗೆ ಫೋನ್ ಮಾಡಿದ್ದ. "ದೊಡ್ಡಪ್ಪ, ಒಂದು ಕ್ರೂಸ್ ಮುಗಿಸಿ ಇನ್ನೊಂದು ಹತ್ತೋಕೆ ನಡುವೆ ಎರಡು ದಿನ ಸಿಗ್ತದೆ. ಗೊತ್ತಿಲ್ಲದ ಊರು. ನಡ್ಕೊಂಡು ಏನ್ ನೋಡ್ಲಿ?" ಅಂದ. "ಕಲ್ಲು, ಗೋಡೆ ಮೇಲೆ ಏನು ಬರ್ದಿದೆ ನೋಡು" ಅಂದೆ. ಎಲ್ಲಿಗೆ ಹೋದ್ರೂ ನಿಮಗೆ ಶಾಸನದ್ದೇ ಚಿಂತೆ ಅಂತ ನಕ್ಕುಬಿಟ್ಟ. ನಗಲಿ. ಎರಡು ಹಡಗುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಕನ್ನಡನಾಡಿನ ಒಂದು ಮಹಾನಗರವನ್ನು ನೋಡಿ ಹೋದವನ ಕಥೆ ನಮ್ಮಲ್ಲೇ ಇದೆ. ಅವತ್ತು ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ಅಬ್ದುರ್ ರಜಾಕ್. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದವನು. ತೈಮೂರನ ಮಗ ಶಾರುಖ್‌ನ ರಾಯಭಾರಿಯಾಗಿ ಹೊರ್ಮುಜಿನಲ್ಲಿ ಹಡಗು ಹತ್ತಿ 1442ರಲ್ಲಿ ಕಲ್ಲಿಕೋಟೆಗೆ ಬಂದ. ಅಲ್ಲಿಗೆ ವಿಜಯನಗರದ ಪ್ರೌಢದೇವರಾಯನಿಂದ, ಅಂದರೆ ಇಮ್ಮಡಿ ದೇವರಾಯನಿಂದ ಕರೆ ಬಂತು. ಮತ್ತೆ ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ 1443ರ ಏಪ್ರಿಲ್ ಕೊನೆಗೆ ವಿಜಯನಗರ ಮುಟ್ಟಿದ. ಅದೇ ವರ್ಷದ ಡಿಸೆಂಬರಿನಲ್ಲಿ ಊರು ಬಿಟ್ಟು ಕರಾವಳಿಗೆ ಇಳಿದ. 1444ರ ಜನವರಿಯಲ್ಲಿ ಹೊನ್ನಾವರದಿಂದ ಹಡಗು ಹತ್ತಿ ಹೊರ್ಮುಜಿಗೆ ಹೊರಟ.

ಈ ತಿಂಗಳುಗಳನ್ನು ಸ್ವಲ್ಪ ಗಮನಿಸಿ. ಮುಂಗಾರು ಶುರುವಾದರೆ ಅರಬ್ಬಿ ಸಮುದ್ರದ ಬಂದರುಗಳೆಲ್ಲ ಬಾಗಿಲು ಹಾಕಿದ ಹಾಗೆ. ಪಶ್ಚಿಮಕ್ಕೆ ಹೋಗುವವರು ಮಳೆ ನಿಂತು ಈಶಾನ್ಯದ ಗಾಳಿ ಬೀಸುವ ತನಕ ಕಾಯಲೇಬೇಕು. ಇವತ್ತಿನ ಪ್ರಯಾಣಿಕನಿಗೆ ಬಿಡುವು ಎಷ್ಟು ಅಂತ ಹಡಗಿನ ಕಂಪನಿ ಹೇಳುತ್ತದೆ, ಅವತ್ತು ಗಾಳಿ ಹೇಳುತ್ತಿತ್ತು. ಹಾಗಾಗಿ ಅಬ್ದುರ್ ರಜಾಕನಿಗೆ ಏಳು ತಿಂಗಳು ಸಿಕ್ಕಿತು.

ಆ ಏಳು ತಿಂಗಳಲ್ಲಿ ಅವನು ಕಂಡದ್ದನ್ನು ಪಾರಸಿಯಲ್ಲಿ ಬರೆದಿಟ್ಟ. ಒಂದರೊಳಗೊಂದು ಏಳು ಕೋಟೆ, ಹೊರಗಿನ ಸುತ್ತುಗಳಲ್ಲಿ ಹೊಲ ತೋಟ, ಒಳಗೆ ಅಂಗಡಿ ಸಾಲು, ಬಹಿರಂಗವಾಗಿ ಮುತ್ತು ರತ್ನ ಮಾರುವವರು, ಎಲ್ಲಿ ನೋಡಿದರೂ ಗುಲಾಬಿ ಹೂವು, ನಯ ಮಾಡಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರು, ಮಹಾನವಮಿ ಹಬ್ಬ. ಇವನ್ನೆಲ್ಲ ನಮ್ಮ ಪಠ್ಯಪುಸ್ತಕಗಳೇ ಹೇಳಿವೆ. ಶಾಸನದ ಹುಚ್ಚಿರುವ ನಮ್ಮಂಥವರು ನಿಲ್ಲಬೇಕಾದ ಜಾಗ ಬೇರೆ ಇದೆ. ಅರಮನೆಯ ಕಚೇರಿಯಲ್ಲಿ ಕರಣಿಕರು ಬರೆಯುವುದನ್ನು ಅವನು ನೋಡಿದ.

ಈ ಜನರಲ್ಲಿ ಎರಡು ಬಗೆಯ ಬರಹವಿದೆ ಅನ್ನುತ್ತಾನೆ. ಒಂದು, ಉದ್ದನೆಯ ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಗೀರುವುದು. ಅದಕ್ಕೆ ಬಣ್ಣವಿಲ್ಲ, ಬಾಳಿಕೆಯೂ ಕಡಿಮೆ. ಇನ್ನೊಂದು, ಬಿಳಿಯದಕ್ಕೆ ಕಪ್ಪು ಬಳಿದು, ಲೇಖನಿಯ ಹಾಗೆ ಕೊಯ್ದ ಮೆತ್ತನೆಯ ಕಲ್ಲಿನಿಂದ ಬರೆಯುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ, ಬಹಳ ಕಾಲ ಉಳಿಯುತ್ತದೆ, ಅದಕ್ಕೇ ಬೆಲೆ ಹೆಚ್ಚು.

ಓದಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಮೊದಲನೆಯದು ಓಲೆಗರಿ, ಎರಡನೆಯದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದ ಕಲ್ಲಿನಿಂದ ಬರೆಯುತ್ತಿದ್ದ ನಮ್ಮ ಶಾನುಭೋಗರ ಕಡತ! ಓಲೆಯನ್ನು ಅವನು ತೆಂಗಿನ ಗರಿ ಅಂದುಕೊಂಡ. ಹೊಸ ಊರಿಗೆ ಬಂದವನ ಸಹಜವಾದ ತಪ್ಪು ಅದು. ಆದರೆ ಬಳಪದ ವಿಷಯದಲ್ಲಿ ಕಣ್ಣು ಎಷ್ಟು ಚುರುಕು ನೋಡಿ. ಊರಿನವರಿಗೆ ದಿನಾ ಕಂಡು ಸವೆದುಹೋದದ್ದು ಹೊಸಬನಿಗೆ ಹೊಳೆಯಿತು.

ಆದರೆ ಅವನ ಲೆಕ್ಕ ಎರಡಕ್ಕೇ ನಿಂತಿತು. ಮೂರನೆಯದು ಕಲ್ಲಿನ ಬರಹ. ಅವನಿದ್ದ ಊರಿನಲ್ಲೇ ಅದು ನಿಂತಿತ್ತು, ಇಂದಿಗೂ ನಿಂತಿದೆ. ಕಮಲಾಪುರದಲ್ಲಿ ಬಸ್ಸಿಳಿದು ನಡೆದರೆ ಅರ್ಧ ದಿನದಲ್ಲಿ ಮೂರನ್ನು ನೋಡಬಹುದು.

ಮೊದಲನೆಯದು ಗಾಣಿಗಿತ್ತಿ ಬಸದಿಯ ದೀಪಸ್ತಂಭ. ಶಕ 1307, ಅಂದರೆ ಕ್ರಿ.ಶ. 1386ರಲ್ಲಿ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ ಕುಂಥುನಾಥನಿಗೆ ಕಟ್ಟಿಸಿದ ಚೈತ್ಯಾಲಯ. ಎಣ್ಣೆ ತೆಗೆಯುವ ಗಾಣಿಗಿತ್ತಿಯ ಹೆಸರು ಆಮೇಲೆ ಜನ ಇಟ್ಟದ್ದು. ಕಲ್ಲಿನಲ್ಲಿರುವ ಹೆಸರು ಇರುಗಪ್ಪನದು.

ಎರಡನೆಯದು ಹಜಾರರಾಮ ದೇಗುಲದ ಆಸುಪಾಸಿನ ಹಾಳುಬಿದ್ದ ಪಾರ್ಶ್ವನಾಥ ಬಸದಿ. ಶಕ 1348, ಕ್ರಿ.ಶ. 1426ರಲ್ಲಿ ಕಟ್ಟಿಸಿದವನು ಸಾಕ್ಷಾತ್ ಪ್ರೌಢದೇವರಾಯ. ಬಾಗಿಲಿನ ಸಂಸ್ಕೃತ ಶಾಸನ ಬೀದಿಯ ವಿಳಾಸವನ್ನೇ ಕೊಡುತ್ತದೆ: ಕ್ರಮುಕಪರ್ಣಾಪಣ ವೀಥಿ. ಕ್ರಮುಕ ಅಂದರೆ ಅಡಿಕೆ, ಪರ್ಣ ಅಂದರೆ ಎಲೆ, ಆಪಣ ಅಂದರೆ ಅಂಗಡಿ. ಇವತ್ತು ಫಲಕದಲ್ಲಿ ಪಾನ್ ಸುಪಾರಿ ಬಜಾರ್ ಅಂತ ಓದುತ್ತೇವಲ್ಲ, ಅದಕ್ಕೆ ಆಧಾರ ಈ ಸಾಲು. ಅಬ್ದುರ್ ರಜಾಕನೂ ವೀಳ್ಯದೆಲೆಯ ಬಗ್ಗೆ ಬಾಯಿ ತುಂಬಾ ಬರೆದಿದ್ದಾನೆ. ಎಲೆಯ ರುಚಿ ಅವನ ಪುಸ್ತಕದಲ್ಲಿದೆ, ಎಲೆ ಮಾರಿದ ಬೀದಿಯ ಹೆಸರು ಕಲ್ಲಿನಲ್ಲಿದೆ. ಎರಡನ್ನೂ ಓದಿಕೊಂಡು ಆ ಬೀದಿಯಲ್ಲಿ ನಡೆದರೆ ಮಾತ್ರ ಊರು ಮತ್ತೆ ಎದ್ದು ನಿಲ್ಲುತ್ತದೆ.

ಮೂರನೆಯದು ತಳಾರಿಘಟ್ಟದ ದಾರಿಯ ಬದಿಯಲ್ಲಿದೆ. ಶಕ 1361, ಕ್ರಿ.ಶ. 1439ರ ಕನ್ನಡ ಶಾಸನ. ಕಟ್ಟಿಗೆಯ ಅಹಮದ್ ಖಾನ್ ಎಂಬ ದೇವರಾಯನ ಸೇವಕ, ತನ್ನ ದೊರೆಗೆ ಪುಣ್ಯವಾಗಲೆಂದು ಕಟ್ಟಿಸಿದ ಕಟ್ಟಡ. ನಾವು ಮಸೀದಿ ಎಂದು ಕರೆಯುವ ಇದನ್ನು ಶಾಸನ ಕರೆಯುವುದು ಧರ್ಮಶಾಲೆ ಎಂದು. ಹೆರಾತಿನ ರಾಯಭಾರಿ ಬರುವುದಕ್ಕೆ ನಾಲ್ಕೇ ವರ್ಷ ಮೊದಲು ಇದು ನಿಂತಿತ್ತು. ಬಸದಿ ಕಟ್ಟಿಸಿದ ಅದೇ ರಾಜನ ಹೆಸರಿನಲ್ಲಿ ಅವನ ಮುಸಲ್ಮಾನ ಸೇವಕ ಕನ್ನಡದಲ್ಲಿ ಪುಣ್ಯ ಬರೆಸಿದ. ಇಂಥ ಸಂಗತಿಯನ್ನು ಇವತ್ತು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬುವವರು ಎಷ್ಟು ಜನ? ಕಲ್ಲು ಹೇಳುತ್ತಿದೆ, ಹೋಗಿ ಓದಬಹುದು.

ರಾಯಭಾರಿ ಊರು ಬಿಟ್ಟಾಗ ರಾಜ ಬದುಕಿದ್ದ. ಆ ರಾಜ 1446ರ ಮೇ ತಿಂಗಳಲ್ಲಿ ತೀರಿಕೊಂಡ ದಿನ ಯಾವುದೆಂದು ಹೇಳುವುದು ಶ್ರವಣಬೆಳಗೊಳದ ಶಾಸನ. ಬಹಳ ಕಾಲ ಉಳಿಯುತ್ತದೆ ಎಂದು ಅವನು ನಂಬಿದ ಆ ಕಚೇರಿಯ ಕಡತಗಳು ಊರಿನ ಜೊತೆಗೇ ಹೋದವು. ಉಳಿದದ್ದು ಅವನು ಲೆಕ್ಕಕ್ಕೆ ಹಿಡಿಯದ ಬರಹ.

ಇದಕ್ಕೆ ಹಂಪಿಗೇ ಹೋಗಬೇಕಿಲ್ಲ, ಹಡಗೂ ಬೇಡ. ಬೆಂಗಳೂರಿನಲ್ಲಿ ಎರಡು ರೈಲುಗಳ ನಡುವೆ ಮೂರು ಗಂಟೆ ಸಿಕ್ಕರೆ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ನಡೆದುಬಿಡಿ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅಲ್ಲಿದೆ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ತನ್ನ ಒಡೆಯ ಗಂಗರ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯ ಜೊತೆ ಕಾದಾಡಿ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆ ನಾಯಿಗಾಗಿ ನೆಟ್ಟ ಕಲ್ಲು, ಬಿಟ್ಟ ಭೂಮಿ, ದಿನದ ಪೂಜೆ, ಎಲ್ಲವೂ ಅದರಲ್ಲಿದೆ. ಗೆಜ್ಜಲಗೆರೆಯಿಂದ ಬೆಂಗಳೂರಿಗೆ ದಿನಾ ಎಷ್ಟೋ ಜನ ಹೋಗಿಬರುತ್ತಾರೆ. ಕಾಳಿಯನ್ನು ಒಮ್ಮೆ ಮಾತಾಡಿಸಿಕೊಂಡು ಬನ್ನಿ. ನಮ್ಮ ಸೀಮೆಯವಳೇ.