ಕಲ್ಲಿನೊಳಗಿನ ಹಿಮ್ಮೇಳ

ಹತ್ತು ವರ್ಷದ ಹಿಂದ ನನ್ನ ಕೈಯಿಂದ ಒಂದು ಪೆಟ್ಟಿಗಿ ಮೀನ ಸತ್ತುವು. ಮಗನ ಒಂದು ತಿಂಗಳ ಪಗಾರ ಅದರಾಗ ಹೋತು.

ಅವ ಮುಂಬಯಿದಾಗ ಮೀನಿನ ಗಾಜಿನ ಪೆಟ್ಟಿಗಿ ಮಾರುವ ಅಂಗಡಿಯೊಳಗ ಕೆಲಸಕ್ಕಿದ್ದ. ಎಂಟು ದಿನ ಇದ್ದು ಬರೋಣಂತ ಹೋಗಿದ್ದೆ. ಉಪ್ಪುನೀರಿನ ಪೆಟ್ಟಿಗ್ಯಾಗಿನ ಕಲ್ಲು ಪಾಚಿಗಟ್ಟಿ ಹೊಲಸ ಕಾಣತಿದ್ದುವು. ಸುಮ್ಮನ ಕೂಡ್ರಾಕ ಬರದ ರೈತನ ಕೈ. ಮಗ ಹೊರಗ ಹೋದಾಗ ಕಲ್ಲೆಲ್ಲ ತಗದು ನಳದ ನೀರಾಗ ತಿಕ್ಕಿ ತೊಳದು, ಬಿಸಲಿಗೆ ಒಣಗಿಸಿ ತಿರುಗಿ ಇಟ್ಟೆ. ನೀರು ಕನ್ನಡಿ ಹಂಗ ತಿಳಿ ಇತ್ತು. ನಾಲ್ಕನೆಯ ದಿನಕ್ಕ ಮೀನ ಮ್ಯಾಲ ಬಂದು ಬಾಯಿ ಬಿಡಾಕ ಹತ್ತಿದುವು. ಆರನೆಯ ದಿನಕ್ಕ ಒಂದೂ ಉಳೀಲಿಲ್ಲ.

“ಯಪ್ಪಾ, ನೀ ಹೊಲಸ ತೊಳದಿಲ್ಲ. ನೀರು ತೊಳಿಯಾವರನ್ನ ತೊಳದಿ” ಅಂದ ಮಗ.

ಊರಿಗೆ ಬಂದು ಎರಡು ಆಡು ಮಾರಿ ಅವನಿಗೆ ರೊಕ್ಕ ಕಳಿಸಿದೆ. ಆದರ ಆ ಮಾತು ತಲ್ಯಾಗ ಉಳೀತು. ನಮ್ಮ ಶಾಲೆಯ ಗುರುಗಳನ್ನ ಕೇಳಿದೆ. ಅವರು ಓದಿ ಹೇಳಿದ್ದನ್ನ, ಏಳನೆಯ ಇಯತ್ತೆ ಕಲಿತ ನನಗ ತಿಳಿದಷ್ಟು ಇಲ್ಲಿ ಬರೆದೇನಿ.

1850ರಾಗ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞ ಗಾಜಿನ ಪಾತ್ರೆಯೊಳಗ ಎರಡು ಮೀನ, ನೀರಗಿಡ, ಬಸವನಹುಳ ಕೂಡಿಸಿ ಇಟ್ಟು, ನೀರು ಬದಲಿ ಮಾಡದೆ ಬದುಕಿಸಿ ತೋರಿಸಿದ. 1853ಕ್ಕ ಲಂಡನ್ನಿನ ಪ್ರಾಣಿಸಂಗ್ರಹಾಲಯದಾಗ ಮೀನಿನ ಮನೆಯನ್ನೇ ತೆರೆದರು. ಗಿಡ ಗಾಳಿ ಕೊಡತದ, ಮೀನ ಉಸಿರಾಡತದ, ಅಷ್ಟರಾಗ ಲೆಕ್ಕ ಮುಗೀತು ಅಂತ ಅವರು ತಿಳಿದಿದ್ದರು. ಅದು ಅರ್ಧ ಖರೆ. ಮೀನ ತನ್ನ ಕಿವಿರಿನಿಂದ ಅಮೋನಿಯಾ ಬಿಡತದ. ಬೆಳಿಗ್ಗೆ ದನದ ಕೊಟ್ಟಿಗಿ ಬಾಗಲಾ ತೆರೆದಾಗ ಮೂಗಿಗೆ ಬಡಿಯೂದು ಅದ ಅಮೋನಿಯಾ. ಮುಚ್ಚಿದ ನೀರಾಗ ಅದು ವಿಷ.

ಅದನ್ನ ತಿನ್ನಾವರು ಯಾರು ಅಂತ ಗೊತ್ತಾಗಿದ್ದು ಮೀನಿನಿಂದ ಅಲ್ಲ, ಗಟಾರದ ನೀರಿನಿಂದ. 1877ರಾಗ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಎಂಬ ಇಬ್ಬರು ಒಂದು ಮೀಟರ್ ಉದ್ದದ ಕೊಳವಿಗೆ ಉಸುಕು, ಸುಣ್ಣದ ಕಲ್ಲಿನ ಪುಡಿ ತುಂಬಿ ಮ್ಯಾಲಿಂದ ಹೊಲಸ ನೀರು ಬಿಟ್ಟರು. ಇಪ್ಪತ್ತು ದಿನ ಅಮೋನಿಯಾ ಹೆಂಗ ಹೋತೋ ಹಂಗ ಕೆಳಗ ಬಂತು. ಆಮ್ಯಾಲ ಕಡಿಮಿ ಆಗಿ, ಅದರ ಜಾಗಾದಾಗ ನೈಟ್ರೇಟ್ ಬರಾಕ ಹತ್ತಿತು. ಕ್ಲೋರೋಫಾರ್ಮ್ ಬಿಟ್ಟು ನೋಡಿದರು, ಕೆಲಸ ನಿಂತಿತು. ಹಿಡಿ ಮಣ್ಣು ತೊಳೆದ ನೀರು ಹಾಕಿದರು, ಮತ್ತ ಸುರುವಾತು. ಅಂದಮ್ಯಾಲ ಕೆಲಸ ಮಾಡಿದ್ದು ಉಸುಕಲ್ಲ, ಉಸುಕಿಗೆ ಅಂಟಿದ ಜೀವ. 1890ರ ಹೊತ್ತಿಗೆ ವಿನೊಗ್ರಾಡ್ಸ್ಕಿ ಎಂಬ ರಷ್ಯಾದವ ಆ ಜೀವಾಣುಗಳನ್ನ ಬ್ಯಾರೆ ಮಾಡಿ, ಅವು ಎರಡು ಜಾತಿ ಅಂತ ತೋರಿಸಿದ. ಒಂದು ಅಮೋನಿಯಾವನ್ನ ನೈಟ್ರೈಟ್ ಮಾಡತದ, ಇನ್ನೊಂದು ಅದನ್ನ ನೈಟ್ರೇಟ್ ಮಾಡತದ. ನಾವು ಹೊಲಕ್ಕ ಚೆಲ್ಲೂ ಯೂರಿಯಾ ಬೆಳೆಗೆ ಮುಟ್ಟೂದೂ ಬಹಳಮಟ್ಟಿಗೆ ಇದೇ ದಾರಿಯಿಂದ. ಹಿಂದಿನ ಕಾಲಕ್ಕ ದನದ ಗಂಜಲ ಕುಡಿದ ಹಳ್ಳಿಯ ಮಣ್ಣಿನಿಂದ ಪೆಟ್ಲುಪ್ಪು ತಗೀತಿದ್ದರು. ಬಿಹಾರದ ಪೆಟ್ಲುಪ್ಪು ಕಂಪನಿ ಸರಕಾರದ ಹಡಗು ಏರಿ ಬಂದೂಕಿನ ಮದ್ದಿಗೆ ಹೋತು. ಅದನ್ನ ಮಾಡಿದವೂ ಇವೇ ಜೀವಾಣು.

ಡೊಳ್ಳಿನ ಪದ ಹಾಡುವಾಗ ಮಂದಿ ನನ್ನ ಮಾರಿ ನೋಡತಾರ. ಹಿಮ್ಮೇಳದವರು ದನಿ ಬಿಟ್ಟರ ನಾ ಎರಡು ನುಡಿ ದಾಟೂದಿಲ್ಲ. ಪೆಟ್ಟಿಗ್ಯಾಗ ಮೀನ ಮುಮ್ಮೇಳ.

1951ರಾಗ ಮುಂಬಯಿದ ಮರೀನ್ ಡ್ರೈವ್ ಮ್ಯಾಲ ತಾರಾಪೋರವಾಲಾ ಮತ್ಸ್ಯಾಲಯ ಆತು. ಅದರ ಎದುರಿಗೇ ಸಮುದ್ರ. ಮನಿಯೊಳಗ ಪೆಟ್ಟಿಗಿ ಇಟ್ಟವಗ ದಿನಾ ಹೊಸ ಸಮುದ್ರದ ನೀರು ಎಲ್ಲಿಂದ? ಅದಕ್ಕ ದಾರಿ ತೋರಿಸಿದವ ಇಂಡೋನೇಷ್ಯಾದ ಜಕಾರ್ತಾದ ಲೀ ಚಿನ್ ಎಂಗ್. ಸಮುದ್ರದಿಂದ ಜೀವ ಹತ್ತಿದ ಕಲ್ಲನ್ನೇ ತಂದು ಇಟ್ಟು, ಬರೀ ಗಾಳಿಯ ಗುಳ್ಳಿ ಬಿಟ್ಟು ಹವಳ ಬದುಕಿಸಿದ. 1961ರಾಗ ಅಮೇರಿಕಾದ ಪತ್ರಿಕೆಯೊಳಗ ಅದನ್ನ ಬರೆದ. ಮುಂದ ಬರ್ಲಿನ್ನಿನ ಹವ್ಯಾಸಿಗಳು ಆ ದಾರಿ ಹಿಡಿದು ಬೆಳಸಿದರು. ಕಲ್ಲು ತೂತುತೂತಾಗಿರಬೇಕು. ಮ್ಯಾಲಿನ ತೂತಿನಾಗ ಗಾಳಿ ಬೇಕಾದ ಜೀವಾಣು ಇರತಾವ. ಒಳಗ, ಗಾಳಿ ಮುಟ್ಟದ ಕತ್ತಲಾಗ ಇರೂವು ಬ್ಯಾರೆ, ಅವು ನೈಟ್ರೇಟನ್ನ ಸಾರಜನಕ ಗಾಳಿ ಮಾಡಿ ಹೊರಗ ಬಿಡತಾವ.

ಆದರ ಸಮುದ್ರದ ಹವಳ ಕಿತ್ತು ತರೂದು ಕಳ್ಳತನವೇ. ನಮ್ಮ ದೇಶದಾಗ 2001ರಿಂದ ಹವಳ ವನ್ಯಜೀವಿ ಕಾಯದೆಯ ಮೊದಲನೆಯ ಪಟ್ಟಿಯೊಳಗ ಅದ, ಹುಲಿಯ ಸಾಲಿನಾಗ. ಇದು ನನಗ ಸರಿ ಕಾಣತದ. ಒಣ ಕಲ್ಲಿಗೆ ಜೀವ ಹತ್ತಿಸಬಹುದು, ತಡಾ ಆಗತದ ಅಷ್ಟೇ.

ಮಗ ಹಂಗ ಮಾಡಿದ. ನಾ ತೊಳೆದ ಅವೇ ಕಲ್ಲು, ಹೊಸ ಉಪ್ಪುನೀರು, ಬ್ಯಾರೆ ಪೆಟ್ಟಿಗ್ಯಾಗಿನ ಒಂದು ಹಳೆ ಕಲ್ಲು ಬೀಜಕ್ಕ ಅಂತ. ಮೀನ ಇಲ್ಲದ ಪೆಟ್ಟಿಗಿಗೆ ದಿನಾ ಚಿಟಿಕಿ ಮೀನಿನ ಆಹಾರ ಹಾಕಿ ಕೊಳಿಸಿದ. ಅಮೋನಿಯಾ ಏರಿತು, ಇಳೀತು. ನೈಟ್ರೈಟ್ ಏರಿತು, ಇಳೀವಲ್ಲದು. ಮಾಲಕಗ ಅವಸರ, ಗಿರಾಕಿ ಕಾಯತಿದ್ದರು. ಮಗ ಮೀನ ಬಿಡಲಿಲ್ಲ. ನನಗ ದಿನಾ ರಾತ್ರಿ ಫೋನ್. ಮೂವತ್ನಾಲ್ಕನೆಯ ದಿನ, “ಯಪ್ಪಾ, ಎರಡೂ ಸೊನ್ನಿಗೆ ಬಂದುವು” ಅಂದ. ಮರುದಿನ ಒಂದೇ ಒಂದು ಮೀನ ಬಿಟ್ಟ. ಎರಡನೆಯದನ್ನ ಹದಿನೈದು ದಿನಕ್ಕ ಬಿಟ್ಟ.

ಮುಂದಿನ ದೀಪಾವಳಿಗೆ ಹೋದಾಗ ಆ ಪೆಟ್ಟಿಗಿ ಮುಂದ ಕೂತಿದ್ದೆ. ಕಲ್ಲಿನ ಮ್ಯಾಲ ಮತ್ತ ಪಾಚಿ ಹತ್ತಿತ್ತು. ಮಗ ಒಳಗಿಂದ ಎರಡು ಸಲ ಬಂದು ನನ್ನ ಕೈ ನೋಡಿ ಹೋದ.