ನಾಲ್ಕು ಹಕ್ಕಿಗಳಲ್ಲಿ ದುರಾಸೆ ಯಾವುದು?

ಕುರಾನಿನ ಎರಡನೆಯ ಅಧ್ಯಾಯದ 260ನೆಯ ಸೂಕ್ತದಲ್ಲಿ ಪ್ರವಾದಿ ಇಬ್ರಾಹೀಮರು, ಸತ್ತವರನ್ನು ಬದುಕಿಸುವ ಬಗೆ ತೋರಿಸೆಂದು ದೇವರನ್ನು ಕೇಳುತ್ತಾರೆ. ನಾಲ್ಕು ಹಕ್ಕಿ ಹಿಡಿದು, ಅವುಗಳ ಭಾಗಗಳನ್ನು ಬೇರೆ ಬೇರೆ ಬೆಟ್ಟಗಳ ಮೇಲಿಟ್ಟು ಕರೆಯುವಂತೆ ಅಪ್ಪಣೆಯಾಗುತ್ತದೆ. ಯಾವ ಹಕ್ಕಿಗಳೆಂದು ಅಲ್ಲಿ ಹೇಳಿಲ್ಲ. ದುರಾಸೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಆದರೂ ಸೂಫಿಗಳು ಇಲ್ಲಿಯೇ ಮನುಷ್ಯನ ಲೋಭವನ್ನು ಪತ್ತೆ ಹಚ್ಚಿದರು.

ಈ ಬಗೆಯ ಓದಿಗೆ ಬುನಾದಿ ಹಾಕಿದವರಲ್ಲಿ ಸಹ್ಲ್ ತುಸ್ತರಿ (ನಿಧನ 896) ಮುಖ್ಯರು. ಪ್ರತಿ ಸೂಕ್ತಕ್ಕೂ ಹೊರ ಅರ್ಥದ ಜೊತೆಗೆ ಒಳ ಅರ್ಥವೂ ಉಂಟೆಂಬುದು ಅವರ ನಿಲುವು. ನಿಶಾಪುರದ ಸುಲಮಿ (ನಿಧನ 1021) ಹಿಂದಿನ ಸೂಫಿಗಳ ಇಂಥ ಮಾತುಗಳನ್ನು ಒಂದು ಗ್ರಂಥದಲ್ಲಿ ಕೂಡಿಹಾಕಿದಾಗ ಪಂಡಿತರಿಂದ ಕಟು ಆಕ್ಷೇಪ ಬಂತು. ಅದೇ ಊರಿನ ಖುಶೈರಿ (ನಿಧನ 1072) ಒಳ ಅರ್ಥಗಳನ್ನು ಸೂಚನೆಗಳೆಂದೇ ಕರೆದರು. ಅವರ ವ್ಯಾಖ್ಯಾನದಲ್ಲಿ ಆ ನಾಲ್ಕು ಹಕ್ಕಿಗಳ ಪೈಕಿ ನವಿಲು ಲೋಕದ ಬೆಡಗು, ಕಾಗೆ ದುರಾಸೆ.

ಈ ಒಳ ಓದಿಗೆ ಬೇಲಿ ಹಾಕಿದವರು ಘಜಾಲಿ (ನಿಧನ 1111). ನಾಯಿಯಿರುವ ಮನೆಗೆ ದೇವದೂತರು ಬರುವುದಿಲ್ಲವೆಂಬ ಪ್ರವಾದಿವಚನದಲ್ಲಿ ಮನೆಯೆಂದರೆ ಹೃದಯ, ನಾಯಿಯೆಂದರೆ ಅಲ್ಲಿ ಬೊಗಳುವ ದುರ್ಗುಣ ಎಂದು ಅವರು ಓದಿದರು; ಆ ನೆಪದಲ್ಲಿ ನಿಜವಾದ ನಾಯಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದು ತಪ್ಪೆಂದೂ ಹೇಳಿದರು. ದುರಾಸೆಯ ವಿಚಾರದಲ್ಲಿ ಈ ಬೇಲಿ ಬೇಕೇ ಬೇಕು. ಇಲ್ಲದಿದ್ದರೆ ಒಳಗಿನ ಕಾಗೆಯನ್ನು ಕೊಂದಾಯಿತೆಂದು ಹೇಳಿಕೊಂಡು ಕಡ್ಡಾಯ ದಾನವಾದ ಜಕಾತ್ ಕೊಡದೆ ಕೂರಬಹುದು.

ತಮ್ಮ ದೀರ್ಘ ಕಾವ್ಯ ಮಸ್ನವಿಯ ಐದನೆಯ ಸಂಪುಟದ ಮೊದಲಿಗೇ ರೂಮಿ (ನಿಧನ 1273) ಈ ಹಕ್ಕಿಗಳನ್ನು ತರುತ್ತಾರೆ. ಇಲ್ಲಿ ದುರಾಸೆ ಬಾತುಕೋಳಿಯ ಪಾಲು. ಹಸಿ ಒಣ ನೋಡದೆ ಕೊಕ್ಕಿನಿಂದ ಕೆದಕುತ್ತಲೇ ಇರುತ್ತದೆ. ಇನ್ನೊಬ್ಬ ಬಂದುಬಿಟ್ಟಾನೆಂಬ ಭಯದಲ್ಲಿ ಮುತ್ತನ್ನೂ ಕಡಲೆಯನ್ನೂ ಒಂದೇ ಚೀಲಕ್ಕೆ ತುಂಬುವ ಕೊಳ್ಳೆಗಾರನ ರೀತಿ ಅದರದು. ನನಗೆ ಈ ಪರಂಪರೆಯ ಅತ್ಯಂತ ಆಳವಾದ ಒಳನೋಟ ಇದೇ: ಲೋಭದ ಬೇರು ಸುಖದಲ್ಲಿಲ್ಲ, ಭಯದಲ್ಲಿದೆ. ಹಿಂದೆಯೇ ಒಂದು ಕಥೆ ಬರುತ್ತದೆ. ಪ್ರವಾದಿಯ ಮನೆಗೆ ಬಂದ ಅತಿಥಿಯೊಬ್ಬ ಏಳು ಮೇಕೆಗಳ ಹಾಲು ಕುಡಿದು, ರಾತ್ರಿ ಹಾಸಿಗೆ ಹೊಲಸು ಮಾಡಿ, ನಾಚಿ ಓಡಿಹೋಗುತ್ತಾನೆ. ಮರೆತುಹೋದ ತಾಯಿತದ ಆಸೆಗೆ ಮರಳಿದಾಗ ಪ್ರವಾದಿಯೇ ಆ ಹಾಸಿಗೆ ತೊಳೆಯುತ್ತಿರುವುದನ್ನು ಕಾಣುತ್ತಾನೆ. ಅಂದು ರಾತ್ರಿ ಒಂದು ಮೇಕೆಯ ಅರ್ಧ ಹಾಲಿಗೇ ಅವನ ಹೊಟ್ಟೆ ತುಂಬುತ್ತದೆ. ಹಕ್ಕಿಗಳ ಕತ್ತು ಕೊಯ್ದು, ಕೇಡಿಲ್ಲದಂತೆ ಮತ್ತೆ ಬದುಕಿಸಬೇಕೆಂದು ರೂಮಿ ಹೇಳುವುದು ಇಂಥದ್ದನ್ನೇ.

ಮುಂದಿನ ಶತಮಾನದ ವ್ಯಾಖ್ಯಾನಕಾರ ಕಾಶಾನಿ ದುರಾಸೆಯನ್ನು ಮತ್ತೆ ಕಾಗೆಗೇ ಕೊಟ್ಟರು. ಈ ಓದು ನಮ್ಮ ನೆಲಕ್ಕೂ ಬಂತು. ತೈಮೂರನ ದಾಳಿಯ ಕಾಲಕ್ಕೆ ದೆಹಲಿ ಬಿಟ್ಟ ಖ್ವಾಜಾ ಬಂದೇನವಾಜ್ ಗೇಸುದರಾಜರು ಬಹಮನಿ ಸುಲ್ತಾನ ಫಿರೋಜ್ ಶಾಹನ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ಅಲ್ಲಿಯೇ ತೀರಿಕೊಂಡರು. ಖುಶೈರಿಯವರ ಸೂಫಿ ಗ್ರಂಥ ‘ರಿಸಾಲಾ’ಕ್ಕೆ ಟೀಕೆ ಬರೆದವರು ಅವರು; ‘ಮುಲ್ತಖತ್’ ಎಂಬ ಕುರಾನ್ ವ್ಯಾಖ್ಯಾನವೂ ಅವರದೇ.