48ಕ್ಕಿಂತ 7 ಏಕೆ ದೊಡ್ಡದು: ಮಾತೃಕೆಗಳ ವೇಗದ ಗುಣಾಕಾರದ ಚರಿತ್ರೆ

ಮಾತೃಕೆಗಳನ್ನು ಗುಣಿಸುವ ರೀತಿ ದ್ವಿತೀಯ ಪಿಯುಸಿಯಲ್ಲಿ ಗಣಿತ ಓದಿದವರಿಗೆಲ್ಲ ಗೊತ್ತು. ಮೊದಲನೆಯದರ ಅಡ್ಡಸಾಲು, ಎರಡನೆಯದರ ಕಂಬಸಾಲು, ಜೋಡಿ ಜೋಡಿಯಾಗಿ ಗುಣಿಸಿ ಕೂಡಬೇಕು. 2×2 ಮಾತೃಕೆಗಳಿಗೆ 8 ಗುಣಾಕಾರ, 4×4ಕ್ಕೆ 64. ಅಂದರೆ ಬದಿಯ ಅಳತೆಯ ಘನದಷ್ಟು. ಆರ್ಥರ್ ಕೇಲಿ ಮಾತೃಕಾ ಸಿದ್ಧಾಂತದ ಪ್ರಬಂಧ ಪ್ರಕಟಿಸಿದ್ದು 1858ರಲ್ಲಿ. ಈ ಘನದ ಲೆಕ್ಕ ಅಲುಗಾಡಲು ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಚರಿತ್ರೆಯನ್ನು 1969ರಿಂದ ಶುರು ಮಾಡುವುದು ವಾಡಿಕೆ. ಒಂದು ವರ್ಷ ಹಿಂದಕ್ಕೆ ಹೋದರೆ ಕಥೆಯ ತಿರುಳು ಸಿಗುತ್ತದೆ ಎಂಬುದು ನನ್ನ ವಾದ. 1968ರಲ್ಲಿ ಷ್ಮುಯೆಲ್ ವಿನೋಗ್ರಾಡ್ ಒಂದು ಉಪಾಯ ಪ್ರಕಟಿಸಿದರು. ಮೊದಲ ಮಾತೃಕೆಯ ಸಾಲಿನಲ್ಲಿ ಕ, ಖ ಇವೆ, ಎರಡನೆಯದರ ಕಂಬದಲ್ಲಿ ಚ, ಜ ಇವೆ ಎನ್ನಿ. ನಮಗೆ ಬೇಕಾದ ಕಚ + ಖಜ ಎಂಬುದನ್ನು (ಕ + ಜ)(ಖ + ಚ) − ಕಖ − ಜಚ ಎಂದೂ ಬರೆಯಬಹುದು. ಗುಣಾಕಾರ ಎರಡಿದ್ದದ್ದು ಮೂರಾಯಿತಲ್ಲ ಎನ್ನಬೇಡಿ. ಕಖ ಆ ಸಾಲಿಗೆ ಸೇರಿದ್ದು, ಜಚ ಆ ಕಂಬಕ್ಕೆ. ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಎಲ್ಲ ಕಡೆಗೂ ಆಗುತ್ತದೆ. 4×4 ಮಾತೃಕೆಗೆ ಹೀಗೆ 48 ಗುಣಾಕಾರ ಸಾಕು. ಅಳತೆ ಹಿಗ್ಗಿದಂತೆ ಉಳಿತಾಯ ಅರ್ಧಕ್ಕೆ ಹತ್ತಿರವಾಗುತ್ತದೆ.

ತೊಡಕು ಎಲ್ಲಿದೆ? ಆವರಣ ಬಿಡಿಸಿದರೆ ಬರುವುದು ಖಜ ಅಲ್ಲ, ಜಖ. ಸಂಖ್ಯೆಗಳಲ್ಲಿ ಎರಡೂ ಒಂದೇ. ಆದರೆ ಖ, ಜ ಇವೇ ಮಾತೃಕೆಗಳಾದರೆ ಅದಲುಬದಲು ಮಾಡುವಂತಿಲ್ಲ. ಹಾಗಾಗಿ ಈ ಉಪಾಯವನ್ನು ತನ್ನೊಳಗೆ ತಾನೇ ಮತ್ತೆ ಮತ್ತೆ ಬಳಸಲಾಗದು. ಗುಣಾಕಾರಗಳು ಅರ್ಧವಾದರೂ ಘನ ಘನವಾಗಿಯೇ ಉಳಿಯಿತು.

1969ರಲ್ಲಿ ಫೋಲ್ಕರ್ ಸ್ಟ್ರಾಸನ್ ಜರ್ಮನಿಯ ಒಂದು ಗಣಿತ ನಿಯತಕಾಲಿಕದಲ್ಲಿ ಬರೆದ ಲೇಖನ ಮೂರೇ ಪುಟದ್ದು. ಅದರಲ್ಲಿ 2×2 ಗುಣಲಬ್ಧಕ್ಕೆ 7 ಗುಣಾಕಾರ, 18 ಕೂಡು-ಕಳೆ. ಮಾತೃಕೆಗಳು ಕ ಖ / ಗ ಘ ಮತ್ತು ಚ ಛ / ಜ ಝ ಆದರೆ, ಉತ್ತರದ ಮೇಲಿನ ಬಲಮೂಲೆ ಕ(ಛ − ಝ) + (ಕ + ಖ)ಝ. ಇಲ್ಲೂ ಗುಣಾಕಾರ ಎರಡೇ, ಲಾಭವೇನೂ ಕಾಣುವುದಿಲ್ಲ. ಆದರೆ (ಕ + ಖ)ಝ ಮೇಲಿನ ಎಡಮೂಲೆಯ ಲೆಕ್ಕಕ್ಕೂ, ಕ(ಛ − ಝ) ಕೆಳಗಿನ ಬಲಮೂಲೆಗೂ ಮತ್ತೆ ಬರುತ್ತವೆ. ಮುಖ್ಯವಾದದ್ದು ಬೇರೆ: ಎಲ್ಲಿಯೂ ಎಡದ್ದು ಬಲಕ್ಕೆ ಹೋಗಿಲ್ಲ. ಆದ್ದರಿಂದ ದೊಡ್ಡ ಮಾತೃಕೆಯನ್ನು ನಾಲ್ಕು ತುಂಡು ಮಾಡಿ, ತುಂಡನ್ನು ಮತ್ತೆ ನಾಲ್ಕು ಮಾಡಿ, ಇದೇ ಸೂತ್ರವನ್ನು ಕೊನೆಯವರೆಗೂ ಇಳಿಸಬಹುದು. 1024×1024ಕ್ಕೆ ಹತ್ತು ಹಂತ. ಹಳೆಯ ದಾರಿಯಲ್ಲಿ 1,07,37,41,824 ಗುಣಾಕಾರ, ಹೊಸದರಲ್ಲಿ 28,24,75,249. ಘಾತಾಂಕ 3ರಿಂದ ಸುಮಾರು 2.81ಕ್ಕೆ ಇಳಿಯಿತು. 2×2ಕ್ಕೆ 7ಕ್ಕಿಂತ ಕಡಿಮೆ ಸಾಧ್ಯವಿಲ್ಲವೆಂದು 1971ರಲ್ಲಿ ತೋರಿಸಿದವರು ಇದೇ ವಿನೋಗ್ರಾಡ್.

ಮುಂದಿನದು ದಶಮಾಂಶಗಳ ಕಥೆ. 1978ರಲ್ಲಿ ವಿಕ್ಟರ್ ಪಾನ್ 2.80ರ ಕೆಳಗಿಳಿದರು. 1979ರಲ್ಲಿ ಇಟಲಿಯ ಬೀನಿ ಮತ್ತು ಸಂಗಡಿಗರು, ಉತ್ತರ ನಿಖರವಾಗಿ ಬೇಡ, ಬೇಕಾದಷ್ಟು ಹತ್ತಿರ ಬಂದರೆ ಸಾಕು ಎಂದು ಹೊರಟು 2.78 ತಲುಪಿದರು, ಆ ಅಂದಾಜಿನಿಂದ ನಿಖರ ವಿಧಾನವನ್ನೂ ಪಡೆಯಬಹುದೆಂಬುದು ಆಮೇಲೆ ತಿಳಿಯಿತು. 1986ರಲ್ಲಿ ಸ್ಟ್ರಾಸನ್ ಅವರೇ 'ಲೇಸರ್ ವಿಧಾನ' ತಂದರು. ಮರುವರ್ಷ ಕಾಪರ್‌ಸ್ಮಿತ್ ಮತ್ತು ವಿನೋಗ್ರಾಡ್ ಅದರ ಮೇಲೆ 2.376 ಕಟ್ಟಿದರು. 2024ರ ಹೊತ್ತಿಗೆ ಅದು 2.3714ಕ್ಕಿಂತ ತುಸು ಕೆಳಗೆ ಬಂದಿದೆ. ಮೂವತ್ತೇಳು ವರ್ಷಕ್ಕೆ ಇಳಿದದ್ದು ಸಾವಿರದಲ್ಲಿ ಐದು ಪಾಲೂ ಇಲ್ಲ! ಈ ಸೂತ್ರಗಳು ಲಾಭ ಕೊಡಬೇಕಾದರೆ ಮಾತೃಕೆ ಯಾವ ಕಂಪ್ಯೂಟರಿನಲ್ಲೂ ಹಿಡಿಸದಷ್ಟು ದೊಡ್ಡದಿರಬೇಕು. ಯಂತ್ರದ ಮೇಲೆ ಓಡುವುದು ಇಂದಿಗೂ ಹಳೆಯ ದಾರಿ. ದೊಡ್ಡ ಲೆಕ್ಕಗಳಲ್ಲಿ ಕೆಲವೊಮ್ಮೆ ಸ್ಟ್ರಾಸನ್.

2025ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಕೃತಕ ಬುದ್ಧಿಮತ್ತೆ ವ್ಯವಸ್ಥೆ ಆಲ್ಫಾಇವಾಲ್ವ್ 4×4 ಸಂಕೀರ್ಣ ಸಂಖ್ಯಾ ಮಾತೃಕೆಗಳನ್ನು 48 ಗುಣಾಕಾರಗಳಲ್ಲಿ ಮುಗಿಸಿತು. ಸ್ಟ್ರಾಸನ್ ಸೂತ್ರವನ್ನು ಎರಡು ಸಲ ಬಳಸಿದರೆ 49. ಬರೀ ಎಣಿಕೆ ನೋಡುವವರು, 48 ವಿನೋಗ್ರಾಡ್ ಅವರಿಗೆ 1968ರಲ್ಲೇ ಸಿಕ್ಕಿತ್ತಲ್ಲ ಎಂದು ಕೇಳಬಹುದು. ಸಿಕ್ಕಿತ್ತು, ಆದರೆ ಅದು ಒಳಕ್ಕೆ ಇಳಿಯದ 48, ಹೊಸದು ಇಳಿಯುತ್ತದೆ. ಹಾಗೆ ಇಳಿಸಿದರೂ ಘಾತಾಂಕ ಸುಮಾರು 2.79, ಅಂದರೆ 1979ರ ಫಲಿತಾಂಶಕ್ಕಿಂತಲೂ ಹಿಂದೆ.

3×3ರ ಲೆಕ್ಕವಂತೂ ಇನ್ನೂ ಮುಗಿದಿಲ್ಲ. ಎಡ-ಬಲ ಬದಲಿಸದೆ 23 ಗುಣಾಕಾರ ಸಾಕೆಂದು ಲೇಡರ್‌ಮನ್ 1976ರಲ್ಲಿ ತೋರಿಸಿದರು. 19 ಬೇಕೇ ಬೇಕೆಂದು ಬ್ಲೇಸರ್ 2003ರಲ್ಲಿ ಸಾಧಿಸಿದರು. ಇವೆರಡರ ನಡುವೆ ಸರಿಯಾದ ಸಂಖ್ಯೆ ಯಾವುದೆಂದು ಇನ್ನೂ ಇತ್ಯರ್ಥವಾಗಿಲ್ಲ.